ಸುಂಕ ಏರಿಸಿದರೆ ಕಾರ್ಖಾನೆ ಸ್ವದೇಶಕ್ಕೆ ಮರಳುತ್ತದೆಯೇ?

ಓದುಗರ ಪ್ರಶ್ನೆ: ವಿದೇಶಕ್ಕೆ ಹೋದ ಉತ್ಪಾದನೆಯನ್ನು ಮರಳಿ ತರುತ್ತೇವೆಂದು ಅಮೆರಿಕದ ಸರ್ಕಾರಗಳು ಒಮ್ಮೆ ಸುಂಕ ಏರಿಸುತ್ತವೆ, ಇನ್ನೊಮ್ಮೆ ಸಬ್ಸಿಡಿ ಕೊಡುತ್ತವೆ. ಇದರಿಂದ ಕಾರ್ಖಾನೆಗಳು ನಿಜವಾಗಿಯೂ ಹಿಂದಿರುಗುತ್ತವೆಯೇ?

ಕೆಲವು ಹಿಂದಿರುಗುತ್ತವೆ. ಆದರೆ ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ, ಅದೂ ಯಾರಾದರೂ ಖರ್ಚು ಹೊತ್ತುಕೊಂಡರೆ. ಇದನ್ನು ತಿಳಿಯಲು ವಾಷಿಂಗ್ ಮೆಷಿನ್ ಕಥೆಗಿಂತ ಒಳ್ಳೆಯದು ಇನ್ನೊಂದಿಲ್ಲ.

ಅಮೆರಿಕದ ವರ್ಲ್‌ಪೂಲ್ ಕಂಪನಿಗೆ ಎಲ್‌ಜಿ, ಸ್ಯಾಮ್‌ಸಂಗ್‌ಗಳ ಅಗ್ಗದ ಯಂತ್ರಗಳು ತಲೆನೋವಾಗಿದ್ದವು. ಅದು ದೂರು ಕೊಟ್ಟಿತು. 2012-13ರಲ್ಲಿ ಸರ್ಕಾರ ದಕ್ಷಿಣ ಕೊರಿಯಾ ಮತ್ತು ಮೆಕ್ಸಿಕೊದಿಂದ ಬರುವ ಯಂತ್ರಗಳ ಮೇಲೆ ಆ್ಯಂಟಿ ಡಂಪಿಂಗ್ ಸುಂಕ (ನ್ಯಾಯವಾದ ಬೆಲೆಗಿಂತ ಅಗ್ಗವಾಗಿ ತಂದು ಸುರಿಯುವ ಸರಕಿನ ಮೇಲಿನ ದಂಡಸುಂಕ) ಹಾಕಿತು. ಕೊರಿಯಾದ ಕಂಪನಿಗಳು ಉತ್ಪಾದನೆಯನ್ನು ಚೀನಾಕ್ಕೆ ಸಾಗಿಸಿದವು. 2016ರಲ್ಲಿ ಚೀನಾದ ಸರಕಿನ ಮೇಲೂ ಸುಂಕ ಬಿತ್ತು. ಉತ್ಪಾದನೆ ಥಾಯ್ಲೆಂಡ್ ಮತ್ತು ವಿಯೆಟ್ನಾಂಗೆ ಹೋಯಿತು. ಅಮೆರಿಕದ ನೆಲಕ್ಕೆ ಮಾತ್ರ ಬರಲಿಲ್ಲ. ಸುಂಕಕ್ಕೆ ಓಡಿಸುವ ಶಕ್ತಿ ಇದೆ, ಎಲ್ಲಿಗೆ ಓಡಬೇಕೆಂದು ಹೇಳುವ ಶಕ್ತಿ ಇಲ್ಲ.

ಕೊನೆಗೆ 2018ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಬಹುತೇಕ ಎಲ್ಲ ದೇಶಗಳಿಗೂ ಬಾಗಿಲು ಹಾಕಿತು: ವರ್ಷದ ಮೊದಲ 12 ಲಕ್ಷ ಯಂತ್ರಗಳಿಗೆ ಶೇ 20 ಸುಂಕ, ಅದನ್ನು ಮೀರಿದರೆ ಶೇ 50. ಸ್ಯಾಮ್‌ಸಂಗ್ ದಕ್ಷಿಣ ಕ್ಯಾರೊಲಿನಾದ ನ್ಯೂಬೆರಿಯಲ್ಲಿ, ಎಲ್‌ಜಿ ಟೆನೆಸಿಯ ಕ್ಲಾರ್ಕ್ಸ್‌ವಿಲ್‌ನಲ್ಲಿ ಕಾರ್ಖಾನೆ ತೆರೆದವು. ಸ್ವಾರಸ್ಯವೆಂದರೆ ಎರಡೂ ಕಂಪನಿಗಳು ಇದನ್ನು ಘೋಷಿಸಿದ್ದು 2017ರಲ್ಲೇ. ಸುಂಕ ಇನ್ನೂ ಬಂದಿರಲಿಲ್ಲ. ಬರಲಿದೆಯೆಂಬ ಗಾಳಿ ಮಾತ್ರ ಬಲವಾಗಿ ಬೀಸುತ್ತಿತ್ತು. ಉದ್ಯಮಿಗಳು ನೀತಿಯನ್ನಷ್ಟೇ ಅಲ್ಲ, ನೀತಿ ಎತ್ತ ವಾಲುತ್ತಿದೆ ಎಂಬುದನ್ನೂ ಲೆಕ್ಕ ಹಾಕುತ್ತಾರೆ.

ಬಿಲ್ಲು ಕಟ್ಟಿದವರು ಯಾರು? ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಮತ್ತು ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ವಾಷಿಂಗ್ ಮೆಷಿನ್ ಬೆಲೆ ಸುಮಾರು ಶೇ 12ರಷ್ಟು ಏರಿತು. ಡ್ರೈಯರ್ ಮೇಲೆ ಸುಂಕವೇ ಇರಲಿಲ್ಲ, ಆದರೂ ಅದರ ಬೆಲೆಯೂ ಅಷ್ಟೇ ಏರಿತು. ಎರಡನ್ನೂ ಜೋಡಿಯಾಗಿ ಮಾರುವುದರಿಂದ ಅಂಗಡಿಗಳು ಏರಿಕೆಯನ್ನು ಎರಡಕ್ಕೂ ಹಂಚಿದವು. ಹುಟ್ಟಿದ ಉದ್ಯೋಗ ಸುಮಾರು 1,800. ಗ್ರಾಹಕರಿಗೆ ಬಿದ್ದ ಹೊರೆ ವರ್ಷಕ್ಕೆ ಸುಮಾರು 150 ಕೋಟಿ ಡಾಲರ್, ಸರ್ಕಾರಕ್ಕೆ ಬಂದ ಸುಂಕ ಸುಮಾರು 8.2 ಕೋಟಿ. ಅದನ್ನು ಕಳೆದರೂ ಒಂದೊಂದು ಉದ್ಯೋಗಕ್ಕೆ ಸುಮಾರು 8,15,000 ಡಾಲರ್! ಅಷ್ಟು ಹಣ ಕೊಟ್ಟು ಆ ಕೆಲಸಗಾರರನ್ನು ಮನೆಯಲ್ಲೇ ಕೂರಿಸಿದ್ದರೂ ಲಾಭವಿತ್ತೆಂದು ಕುಹಕವಾಡಲು ಮನಸ್ಸಾಗುತ್ತದೆ. ಆದರೆ 2023ರಲ್ಲಿ ಸುಂಕದ ಅವಧಿ ಮುಗಿದ ಮೇಲೂ ಕಾರ್ಖಾನೆಗಳು ಅಲ್ಲಿಯೇ ಉಳಿದವು ಎಂಬುದನ್ನೂ ಹೇಳಬೇಕು. ಇನ್ನು ವರ್ಲ್‌ಪೂಲ್‌ನ ಪಾಡು: ಅದೇ 2018ರಲ್ಲಿ ಉಕ್ಕಿನ ಮೇಲೂ ಶೇ 25ರ ಸುಂಕ ಬಂದು ಅದರ ಕಚ್ಚಾವಸ್ತು ದುಬಾರಿಯಾಯಿತು. ಬೇಡಿ ಪಡೆದ ವರದ ಹಿಂದೆಯೇ ಶಾಪವೂ ಬಂತು.

ಸಬ್ಸಿಡಿಯ ದಾರಿಯಲ್ಲಿ ಖರ್ಚು ಮುಚ್ಚುಮರೆಯಿಲ್ಲದೆ ಬಜೆಟ್ಟಿನಲ್ಲಿ ಕಾಣುತ್ತದೆ; ನನಗೆ ಇದು ಹೆಚ್ಚು ಪ್ರಾಮಾಣಿಕವೆನಿಸುತ್ತದೆ. 1990ರಲ್ಲಿ ಜಗತ್ತಿನ ಚಿಪ್ ತಯಾರಿಕಾ ಸಾಮರ್ಥ್ಯದಲ್ಲಿ ಅಮೆರಿಕದ ಪಾಲು ಶೇ 37 ಇತ್ತು. 2020ರ ಹೊತ್ತಿಗೆ ಶೇ 12ಕ್ಕೆ ಇಳಿದಿತ್ತು. 2022ರ ಚಿಪ್ಸ್ ಕಾಯ್ದೆ ಕಾರ್ಖಾನೆ ಕಟ್ಟುವವರಿಗೆ 3,900 ಕೋಟಿ ಡಾಲರ್ ನೆರವನ್ನೂ ಹೂಡಿಕೆಗೆ ಶೇ 25ರ ತೆರಿಗೆ ರಿಯಾಯಿತಿಯನ್ನೂ ಇಟ್ಟಿತು. ಷರತ್ತುಗಳೂ ಇದ್ದವು: ಕೆಲಸ ಮುಂದುವರಿದಂತೆ ಕಂತುಗಳಲ್ಲಿ ಹಣ, ಹಣ ಪಡೆದವರು ಹತ್ತು ವರ್ಷ ಚೀನಾದಲ್ಲಿ ಸುಧಾರಿತ ಚಿಪ್ ಸಾಮರ್ಥ್ಯ ವಿಸ್ತರಿಸುವಂತಿಲ್ಲ. ತೈವಾನಿನ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಗೆ ಅರಿಜೋನಾದ ಕಾರ್ಖಾನೆಗಳಿಗಾಗಿ 660 ಕೋಟಿ ಡಾಲರ್‌ವರೆಗೆ ಮಂಜೂರಾಯಿತು. ಹಣವಿದ್ದರೂ ನುರಿತ ಕೆಲಸಗಾರರು ಸಾಲದೆ 2024ಕ್ಕೆ ಆರಂಭವಾಗಬೇಕಿದ್ದ ಉತ್ಪಾದನೆ 2025ಕ್ಕೆ ಹೋಗುತ್ತದೆಂದು ಕಂಪನಿಯೇ 2023ರಲ್ಲಿ ಹೇಳಬೇಕಾಯಿತು. ಮೂವತ್ತು ವರ್ಷಗಳಲ್ಲಿ ಚದುರಿಹೋದ ಕೈಕಸುಬು ಒಂದು ಮಸೂದೆಯಿಂದ ಮರಳುವುದಿಲ್ಲ.

ಜಪಾನ್ ಕೂಡ 2020ರಲ್ಲಿ, ಕೋವಿಡ್ ಕಾಲದಲ್ಲಿ, ಉತ್ಪಾದನೆಯನ್ನು ಸ್ವದೇಶಕ್ಕೆ ತರುವ ಕಂಪನಿಗಳಿಗೆಂದು 22,000 ಕೋಟಿ ಯೆನ್ ತೆಗೆದಿಟ್ಟಿತು. ಅದರ ಜೊತೆಗೇ ಆಗ್ನೇಯ ಏಷ್ಯಾಕ್ಕೆ ಹೋಗುವವರಿಗೂ ಒಂದು ಸಣ್ಣ ಮೊತ್ತವಿತ್ತು. ಎಲ್ಲರೂ ಮನೆಗೇ ಬರುವುದಿಲ್ಲ ಎಂಬುದು ಟೋಕಿಯೊಗೆ ಗೊತ್ತಿತ್ತು.

ಹಾಗೆ ಮನೆಗೆ ಹೋಗದ ಉತ್ಪಾದನೆಯ ಒಂದು ಪಾಲು ಬೆಂಗಳೂರಿನ ಹೊರವಲಯಕ್ಕೆ ಬಂದಿದೆ. ಐಫೋನ್ ಅಮೆರಿಕದಲ್ಲೇ ತಯಾರಾಗಬೇಕೆಂದು 2025ರಲ್ಲಿ ಟ್ರಂಪ್ ಪಟ್ಟುಹಿಡಿದರು. ಚೀನಾದಿಂದ ಬರುವ ಫೋನಿಗೆ ಶೇ 20 ಸುಂಕವಿತ್ತು, ಭಾರತದಿಂದ ಬರುವುದಕ್ಕೆ ಏನೂ ಇರಲಿಲ್ಲ. ಇತ್ತ ಭಾರತ ಸರ್ಕಾರದ 2020ರ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆ, ಹೆಚ್ಚುವರಿ ಮಾರಾಟದ ಶೇ 4ರಿಂದ 6ರಷ್ಟನ್ನು ತಯಾರಕರಿಗೆ ಕೊಡುತ್ತಿತ್ತು. ಜೂನ್ ತ್ರೈಮಾಸಿಕದಲ್ಲಿ ಅಮೆರಿಕದಲ್ಲಿ ಮಾರಾಟವಾಗುವ ಐಫೋನ್‌ಗಳಲ್ಲಿ ಹೆಚ್ಚಿನವು ಭಾರತದವು ಎಂದು ಆ್ಯಪಲ್ ಮುಖ್ಯಸ್ಥ ಟಿಮ್ ಕುಕ್ ಹೇಳಿದರು. ಅದೇ ವರ್ಷ ಆ್ಯಪಲ್‌ಗೆ ಫೋನ್ ಜೋಡಿಸಿಕೊಡುವ ಫಾಕ್ಸ್‌ಕಾನ್ ಕಂಪನಿಯ ದೇವನಹಳ್ಳಿ ಘಟಕದಲ್ಲಿ ಐಫೋನ್ ಜೋಡಣೆ ಶುರುವಾಯಿತು. ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಅಮೆರಿಕದ ಸುಂಕ ಶೇ 50ಕ್ಕೆ ಏರಿತು. ಸ್ಮಾರ್ಟ್‌ಫೋನ್‌ಗಳನ್ನು ಅದರಿಂದ ಹೊರಗಿಟ್ಟಿದ್ದರಿಂದ ಇಲ್ಲಿನ ಕೆಲಸ ನಡೆದುಕೊಂಡು ಹೋಯಿತು.