ಬೆಂಗಳೂರಿಗೆ ಹೋಗಿ ಕೂತರೆ ಕೆಲಸ ಸಿಗುತ್ತದಾ?

ಪ್ರಶ್ನೆ: ಮಗಳು ಈ ವರ್ಷ ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಟೆಕ್ ಮುಗಿಸಿದಳು. ಇನ್ನೂ ಕೆಲಸ ಆಗಿಲ್ಲ. ಬೆಂಗಳೂರಿಗೆ ಕಳಿಸಬೇಕಾ, ಕೊಚ್ಚಿಗಾ, ಇಲ್ಲ ಮಂಗಳೂರು ಸಾಕಾ? (ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರು)

ಉತ್ತರ: ಮಳೆ ಶುರುವಾಯಿತೆಂದರೆ ಈ ಪ್ರಶ್ನೆಯೂ ಶುರು. ಮಂಜೇಶ್ವರದಿಂದ, ಪೈವಳಿಕೆಯಿಂದ, ಮುಳ್ಳೇರಿಯದಿಂದ. ಪ್ರತಿ ವರ್ಷ ಉತ್ತರ ಕೊಡುತ್ತಲೇ ಇದ್ದೇನೆ. ಈ ಸಲ ಬಿಡಿಸಿ ಬರೆಯುತ್ತೇನೆ, ಮಗಳಿಗೂ ಓದಿಸಿ.

ಮೊದಲ ಕೆಲಸದ ಊರನ್ನು ಹೆಚ್ಚಿನವರಿಗೆ ಕಂಪನಿಯೇ ಗೊತ್ತು ಮಾಡುತ್ತದೆ. ನಮ್ಮ ಇಷ್ಟ ನಡೆಯುವುದು ಎರಡನೇ ಕೆಲಸದಿಂದ. ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ. ಯಾಕೆಂದರೆ ನಮ್ಮಲ್ಲಿ ಒಂದು ನಂಬಿಕೆ ಬೇರು ಬಿಟ್ಟು ಕೂತಿದೆ: "ಊರಲ್ಲಿದ್ದರೆ ಏನೂ ಆಗಲಿಕ್ಕಿಲ್ಲ. ಮೊದಲು ಬೆಂಗಳೂರಿಗೆ ಹೋಗಿ ಪಿಜಿ ಹಿಡಿ. ಅಲ್ಲಿದ್ದರೆ ಕೆಲಸ ತಾನಾಗಿ ಸಿಗುತ್ತದೆ."

ಹೀಗೆ ಹೇಳುವ ಮಾವಂದಿರು ಸುಳ್ಳು ಹೇಳುತ್ತಿಲ್ಲ. ಅವರು ಹೋದ ಕಾಲದಲ್ಲಿ ಅದು ನಿಜವೇ ಆಗಿತ್ತು. ಪೇಪರಿನ ಜಾಹೀರಾತು ನೋಡಿ, ಬಯೋಡೇಟಾ ಫೈಲಿನಲ್ಲಿಟ್ಟುಕೊಂಡು ಗೇಟಿನಿಂದ ಗೇಟಿಗೆ ನಡೆಯಬೇಕಿತ್ತು. ಅದಕ್ಕೆ ಅಲ್ಲೇ ಇರಬೇಕಿತ್ತು.

ಈಗ ದೊಡ್ಡ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದು ಕಾಲೇಜಿಗೆ ಬಂದು, ಇಲ್ಲವೇ ಪರೀಕ್ಷೆಯಿಂದ. ಟಿಸಿಎಸ್‌ನ ನ್ಯಾಷನಲ್ ಕ್ವಾಲಿಫೈಯರ್ ಟೆಸ್ಟ್ ಅಂಥದ್ದು. ಇನ್ಫೋಸಿಸ್, ವಿಪ್ರೋಗಳಿಗೂ ಅವರವರದೇ ಪರೀಕ್ಷೆಗಳಿವೆ. ಎಲ್ಲದಕ್ಕೂ ಅರ್ಜಿ ಆನ್‌ಲೈನ್. ಅರ್ಜಿಯಲ್ಲಿ ಎಲ್ಲಿ ಕೆಲಸ ಮಾಡಲು ಇಷ್ಟ ಅಂತ ಒಂದು ಕಾಲಂ ಇದ್ದರೆ ನಮ್ಮ ಮಕ್ಕಳು ಬೆಂಗಳೂರು ಅಂತ ತುಂಬುತ್ತಾರೆ. ಆಮೇಲೆ ಆಫರ್ ಲೆಟರ್ ಬರುತ್ತದೆ. ಸಂಬಳದ ಪುಟ ಬಿಟ್ಟು ಮುಂದಕ್ಕೆ ಓದಿ. ನಿಮ್ಮನ್ನು ಕಂಪನಿಯ ಯಾವ ಕಚೇರಿಗೆ ಬೇಕಾದರೂ ಹಾಕಬಹುದು ಅಂತ ಒಂದು ಸಾಲು ಇರುತ್ತದೆ. ಅದಕ್ಕೆ ಸಹಿ ಹಾಕಿಯೇ ಸೇರುವುದು. ಮೈಸೂರಿನಲ್ಲಿ ಇನ್ಫೋಸಿಸ್ ತರಬೇತಿ ಮುಗಿಸಿದವರು ಪುಣೆಗೂ ಹೋಗುತ್ತಾರೆ, ಹೈದರಾಬಾದಿಗೂ ಹೋಗುತ್ತಾರೆ. ಪ್ರಾಜೆಕ್ಟ್ ಎಲ್ಲಿದೆಯೋ ಅಲ್ಲಿಗೆ. ನೀವು ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದೀರಾ ಅಂತ ಯಾರೂ ಕೇಳುವುದಿಲ್ಲ.

ಹಾಗಾದರೆ ಆ ಪಿಜಿಯಲ್ಲಿ ಏನು ನಡೆಯುತ್ತದೆ? ನಾಲ್ಕು ಮಂಚದ ಕೋಣೆ. ಬೆಳಿಗ್ಗೆ ಎದ್ದು ಫೋನಿನಲ್ಲಿ ನೌಕ್ರಿ, ಲಿಂಕ್ಡ್‌ಇನ್ ತೆರೆದು ಅರ್ಜಿ ಹಾಕುವುದು. ಅದೇ ಅರ್ಜಿ ಬದಿಯಡ್ಕದ ಮನೆಯ ಜಗಲಿಯಿಂದಲೂ ಹೋಗುತ್ತದೆ, ಅಲ್ವಾ? ಇಲ್ಲಿ ಬಾಡಿಗೆ ಇಲ್ಲ, ಊಟಕ್ಕೆ ದುಡ್ಡು ಕೊಡಬೇಕಾಗಿಲ್ಲ, ಓದಲು ಸಮಯ ಜಾಸ್ತಿ. ಅಲ್ಲಿ ಎರಡು ತಿಂಗಳಾಗುವಾಗ ಅಪ್ಪನ ಹತ್ತಿರ ಮತ್ತೆ ದುಡ್ಡು ಕೇಳಲು ಸಂಕೋಚ ಶುರುವಾಗುತ್ತದೆ. "ಬ್ಯಾಕ್‌ಡೋರ್‌ನಲ್ಲಿ ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ" ಅನ್ನುವವನು ಸಿಗುವುದು ಆಗಲೇ. ಇಲ್ಲವೇ ಎರಡು ವರ್ಷದ ಸುಳ್ಳು ಅನುಭವ ಪತ್ರ ಮಾರುವವನು. ಹಿಂದೆ ಎಲ್ಲಿ ಕೆಲಸ ಮಾಡಿದ್ದರು ಅಂತ ತಿಳಿಯಲು ಕಂಪನಿಗಳು ಪಿಎಫ್ (ಭವಿಷ್ಯನಿಧಿ) ದಾಖಲೆ ತೆಗೆದು ನೋಡುತ್ತವೆ. ಸಿಕ್ಕಿಬಿದ್ದರೆ ಇದ್ದ ಕೆಲಸವೂ ಹೋಗುತ್ತದೆ. ಕೆಲಸ ಕೊಡಿಸಲು ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಅಸಲಿ ಅಂಕಪಟ್ಟಿಯನ್ನು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಇಂಟರ್‌ವ್ಯೂ ಬಂತಾ? ಧಾರಾಳವಾಗಿ ಹೋಗಲಿ. ಕಣ್ಣೂರು–ಬೆಂಗಳೂರು ರೈಲನ್ನು ಕಾಸರಗೋಡಿನಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್. ಅವತ್ತು ರಾತ್ರಿಯೇ ವಾಪಸು ಹೊರಡಬಹುದು. ಅದಕ್ಕೆ ಆರು ತಿಂಗಳ ಪಿಜಿ ಬೇಡ.

ಹಾಗಂತ ಬೆಂಗಳೂರು ಬೇಡ ಅಂತ ನಾನು ಹೇಳುವುದಿಲ್ಲ. ಎರಡು ಮೂರು ವರ್ಷ ಕೆಲಸ ಕಲಿತವರಿಗೆ ಅಷ್ಟು ದಾರಿ ತೆರೆಯುವ ಊರು ದೇಶದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಚಿಪ್ ವಿನ್ಯಾಸದಲ್ಲಂತೂ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗಿನಿಂದ ಅಲ್ಲಿ ಕೆಲಸ ಬೆಳೆದಿದೆ. ಆದರೆ ಬೇರೆಯವರಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಹೊಸಬರ ಸಂಬಳ ಬಹಳ ವರ್ಷಗಳಿಂದ ವರ್ಷಕ್ಕೆ 3.5 ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅದರಲ್ಲಿ ಬೆಂಗಳೂರಿನ ಬಾಡಿಗೆ ಕಟ್ಟಿ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ.

ಅದೇ ಸಂಬಳ ಮಂಗಳೂರಿನಲ್ಲಿ ಸಿಕ್ಕಿದರೆ ಬಿಡಬೇಡಿ. ಇನ್ಫೋಸಿಸ್ ಮುಡಿಪುವಿನಲ್ಲಿದೆ, ವರ್ಕಾಡಿಯವರಿಗೆ ಅದು ನೆರೆಯೂರು. ಉಡುಪಿಯಲ್ಲಿ ರೋಬೋಸಾಫ್ಟ್ ಎಂಬ ಸಾಫ್ಟ್‌ವೇರ್ ಕಂಪನಿ 1996ರಿಂದ ಇದೆ. ಉಪ್ಪಳ, ಮಂಜೇಶ್ವರದವರು ಮಂಗಳೂರಿಗೆ ದಿನಾ ಹೋಗಿ ಬರಬಹುದು. ಬದಿಯಡ್ಕದಿಂದ ದಿನಾ ಓಡಾಡಿದರೆ ಸುಸ್ತಾಗುತ್ತದೆ. ಅಲ್ಲೇ ಹಾಸ್ಟೆಲ್ ಹಿಡಿದು ವಾರಕ್ಕೊಮ್ಮೆ ಮನೆಗೆ ಬರಲಿ.

ಕೊಚ್ಚಿಯಲ್ಲಿ ಇನ್ಫೋಪಾರ್ಕ್ ಇದೆ, ತಿರುವನಂತಪುರದಲ್ಲಿ 1990ರಲ್ಲಿ ಶುರುವಾದ ಟೆಕ್ನೋಪಾರ್ಕ್ ಇದೆ; ಎರಡೂ ಐಟಿ ಕಂಪನಿಗಳು ಒಟ್ಟಿಗಿರುವ ಜಾಗಗಳು. ಕನ್ನಡ ಮಾಧ್ಯಮದಲ್ಲಿ ಓದಿದವರು ಮಲಯಾಳಕ್ಕೆ ಹೆದರಬೇಕಾಗಿಲ್ಲ. ಕಚೇರಿಯ ಬರವಣಿಗೆ ಎಲ್ಲ ಇಂಗ್ಲಿಷಿನಲ್ಲೇ, ಮಾತಿಗೆ ಬೇಕಾದ ಮಲಯಾಳ ಕಾಸರಗೋಡಿನ ಮಕ್ಕಳಿಗೆ ಬಂದೇ ಬರುತ್ತದೆ. ದೂರ ಮಾತ್ರ ನೆನಪಿರಲಿ: ವಂದೇ ಭಾರತ್‌ನಲ್ಲೂ ತಿರುವನಂತಪುರಕ್ಕೆ ಸುಮಾರು 8 ಗಂಟೆ.

ನೀವು ಕೇಳಲಿಲ್ಲ, ಆದರೂ ಒಂದು ಮಾತು. "ನಮ್ಮದು ಕೇರಳದ ಸರ್ಟಿಫಿಕೇಟು, ಬೆಂಗಳೂರಿನಲ್ಲಿ ಗಡಿನಾಡಿನ ಪತ್ರ ಕೇಳುತ್ತಾರಾ?" ಅಂತ ಹಲವರ ಒಳಗೆ ಅಳುಕಿದೆ. ಗಡಿನಾಡ ಕನ್ನಡಿಗರು ಅಂತ ತೋರಿಸುವ ಆ ಪತ್ರ ಬೇಕಾಗುವುದು ಕರ್ನಾಟಕದ ಸಿಇಟಿ ಪರೀಕ್ಷೆಯಿಂದ ಸಿಗುವ ಕಾಲೇಜು ಸೀಟಿಗೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳ ಹೆಸರು ಅಲ್ಲಿನ ನಿಯಮದಲ್ಲೇ ಇದೆ. ಖಾಸಗಿ ಕಂಪನಿಯ ಕೆಲಸಕ್ಕೆ ಅದು ಬೇಡ. 2024ರ ಜುಲೈಯಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಕರ್ನಾಟಕದ ಸಂಪುಟ ಒಪ್ಪಿಗೆ ಕೊಟ್ಟಿತ್ತು, ಅದೇ ವಾರ ತಡೆಹಿಡಿಯಿತು. ಅದರಲ್ಲಿ ಸ್ಥಳೀಯ ಅಂದರೆ ಕರ್ನಾಟಕದಲ್ಲಿ ಹುಟ್ಟಿ 15 ವರ್ಷ ಅಲ್ಲೇ ನೆಲೆಸಿ, ಕನ್ನಡ ಬಲ್ಲವರು ಎಂದಿತ್ತು. ಕನ್ನಡದಲ್ಲೇ ಓದಿ ಬರೆದು ಬೆಳೆದ ನಮ್ಮ ಮಕ್ಕಳು ಆ ಲೆಕ್ಕದಲ್ಲಿ ಹೊರಗಿನವರು. ನನಗೆ ಅದು ನೋವಿನ ವಿಷಯ. ಅಂಥ ಮಾತು ಮತ್ತೆ ಬಂದರೆ ಗಡಿನಾಡಿನವರು ಸುಮ್ನೆ ಕೂರಬಾರದು.

ಸದ್ಯಕ್ಕೆ ತೊಂದರೆ ಕೊಡುವುದು ಹೆಸರಿನ ಇನಿಷಿಯಲ್. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಪ್ಯಾನ್‌ನಲ್ಲಿ ಮತ್ತೊಂದು. ಸೇರುವಾಗ ದಾಖಲೆ ಪರಿಶೀಲನೆ ಇದರಿಂದಲೇ ಎಳೆಯುತ್ತದೆ. ಮಗಳನ್ನು ಈ ವಾರವೇ ಅಕ್ಷಯ ಕೇಂದ್ರಕ್ಕೆ (ಕೇರಳದ ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ) ಕಳಿಸಿ, ಮೂರರಲ್ಲೂ ಹೆಸರು ಒಂದೇ ಥರ ಮಾಡಿಸಿ.