ಊರಲ್ಲಿ ಗಿಟಾರ್ ಮಾಸ್ತರ್ ಇಲ್ಲ, ಮಾಣಿಯನ್ನು ಎಲ್ಲಿಗೆ ಕಳಿಸೋಣ?

ಪ್ರಶ್ನೆ: ನಮ್ಮದು ಶಿರಸಿಯಿಂದ ಸುಮಾರು ಒಳಗಿರುವ ಹಳ್ಳಿ. ಮಾಣಿಗೆ ಎಂಟು ವರ್ಷ. ಅವನ ಮಾವ ಬೆಂಗಳೂರಿಗೆ ಹೋಗುವಾಗ ಬಿಟ್ಟು ಹೋದ ಗಿಟಾರ್ ಮನೆಯಲ್ಲಿತ್ತು. ಯಾರೂ ಹೇಳಿಕೊಟ್ಟಿಲ್ಲ. ಒಂದು ಹಾಡನ್ನು ಎರಡು ಸಲ ಕೇಳಿದರೆ ಸಾಕು, ತಂತಿ ಮೇಲೆ ಹುಡುಕಿ ಹುಡುಕಿ ನುಡಿಸುತ್ತಾನೆ. ನೋಡಿದವರೆಲ್ಲ ಬಾಲಪ್ರತಿಭೆ ಅಂತಾರೆ. ಆದರೆ ಇಲ್ಲಿ ಗಿಟಾರ್ ಕಲಿಸುವವರಿಲ್ಲ. ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಮನೆ ಮಾಡಬೇಕಾ? ತಡ ಮಾಡಿದರೆ ಹಾಳಾಗುತ್ತಾ?

ಉತ್ತರ: ಮನೆ ಬದಲಿಸಬೇಡಿ. ನಿಮ್ಮ ಊರಲ್ಲೋ ಪಕ್ಕದ ಊರಲ್ಲೋ ಹಿಂದೂಸ್ತಾನಿ ಸಂಗೀತ ಹೇಳಿಕೊಡುವವರು ಇದ್ದೇ ಇರುತ್ತಾರೆ. ಮಾಣಿಯನ್ನು ಗಿಟಾರ್ ಸಮೇತ ಅವರ ಹತ್ತಿರ ಕಳಿಸಿ.

ವಿಚಿತ್ರ ಅನ್ನಿಸಬಹುದು. ಆದರೆ ಮ್ಯಾಂಡೊಲಿನ್ ಶ್ರೀನಿವಾಸ್ ಕಲಿತದ್ದು ಹಾಗೆಯೇ. 1969ರಲ್ಲಿ ಆಂಧ್ರದ ಪಾಲಕೊಲ್ಲುವಿನಲ್ಲಿ ಹುಟ್ಟಿದ ಹುಡುಗ. ಆರು ವರ್ಷವಿದ್ದಾಗ ಅಪ್ಪನ ಮ್ಯಾಂಡೊಲಿನ್ ಕೈಗೆ ತೆಗೆದುಕೊಂಡ. ಮಗನ ಕೈ ನೋಡಿ ಅಪ್ಪ ಅವನನ್ನು ತಮ್ಮ ಗುರು ರುದ್ರರಾಜು ಸುಬ್ಬರಾಜು ಅವರ ಬಳಿ ಬಿಟ್ಟರು. ಆ ಗುರುಗಳಿಗೆ ಮ್ಯಾಂಡೊಲಿನ್ ನುಡಿಸಲು ಬರುತ್ತಿರಲಿಲ್ಲ! ಅವರು ಹಾಡುತ್ತಿದ್ದರು, ಹುಡುಗ ಅದನ್ನು ತಂತಿಯ ಮೇಲೆ ಹುಡುಕಿಕೊಳ್ಳುತ್ತಿದ್ದ. 1978ರಲ್ಲಿ, ಒಂಬತ್ತನೇ ವಯಸ್ಸಿಗೆ, ಗುಡಿವಾಡದಲ್ಲಿ ಮೊದಲ ಕಛೇರಿ ಆಯಿತು. ಕರ್ನಾಟಕ ಸಂಗೀತದಲ್ಲಿ ಹಿಂದೆ ಯಾರೂ ಅಷ್ಟಾಗಿ ನೆಚ್ಚಿರದ ವಾದ್ಯವದು. ಗಂಟಲಿನಿಂದ ಕಲಿತದ್ದಕ್ಕೇ ಅವರ ತಂತಿ ಹಾಡುವ ಹಾಗೆ ಕೇಳುತ್ತಿತ್ತು ಎಂದು ನಾನು ನಂಬುತ್ತೇನೆ.

ನಿಮ್ಮ ಮಾಣಿ ಈಗ ಮಾಡುತ್ತಿರುವುದೂ ಅದನ್ನೇ ಅಲ್ವಾ? ಕೇಳುವುದು, ಹುಡುಕುವುದು. ಅವನಿಗೆ ಬೇಕಾದದ್ದು ಕೇಳಿಸುವವರು.

ಗಿಟಾರಿನಲ್ಲಿ ಸರಿಗಮ ಎಲ್ಲಿದೆ ಅಂತ ಹಾರ್ಮೋನಿಯಂ ಮಾಸ್ತರು ಕೇಳಬಹುದು. ಲೆಕ್ಕ ಸುಲಭ. ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಅಂತಾರೆ. ಒಂದು ಫ್ರೆಟ್ ದಾಟಿದರೆ ಹಾರ್ಮೋನಿಯಂನಲ್ಲಿ ಬಿಳಿ-ಕಪ್ಪು ಲೆಕ್ಕ ಹಿಡಿದು ಒಂದು ಮನೆ ದಾಟಿದ ಹಾಗೆ. ಯಾವುದೇ ತಂತಿಯನ್ನು ಸುಮ್ನೆ ಮೀಟಿ ಅದನ್ನು ಸ ಅಂದುಕೊಳ್ಳಿ. ಎರಡನೇ ಫ್ರೆಟ್ ರಿ, ನಾಲ್ಕು ಗ, ಐದು ಮ, ಏಳು ಪ, ಒಂಬತ್ತು ಧ, ಹನ್ನೊಂದು ನಿ, ಹನ್ನೆರಡರಲ್ಲಿ ಮೇಲಿನ ಸ. ಶುದ್ಧ ಸ್ವರಗಳು ಮುಗಿದವು. ಮ, ನಿ ಬಿಟ್ಟರೆ ಭೂಪ್. ಮಕ್ಕಳಿಗೆ ಮೊದಮೊದಲು ಹೇಳಿಕೊಡುವ ರಾಗ ಅದೇ ತಾನೇ. ಮಾಸ್ತರು ಅಲಂಕಾರ ಹಾಡಿಸಲಿ. ಮಾಣಿ ಮೊದಲು ಬಾಯಲ್ಲಿ ಹಾಡಲಿ, ಆಮೇಲೆ ಅದನ್ನೇ ಒಂದು ತಂತಿಯ ಮೇಲೆ ನುಡಿಸಲಿ. ಸ್ವಲ್ಪ ದಿನ ಕಳೆದ ಮೇಲೆ ಎರಡು ತಂತಿ, ಮೂರು ತಂತಿ.

ಇನ್ನು ಬಾಲಪ್ರತಿಭೆ ಎನ್ನುವ ಮಾತು. ಹತ್ತು ವರ್ಷದೊಳಗೆ ದೊಡ್ಡ ಕಲಾವಿದರ ಮಟ್ಟಕ್ಕೆ ಮುಟ್ಟಿದ ಮಗುವಿಗೆ ಮನಶ್ಶಾಸ್ತ್ರದವರು ಆ ಹೆಸರು ಕೊಡುತ್ತಾರೆ. ಅಂಥವರು ತೀರಾ ಅಪರೂಪ. ಒಳ್ಳೆಯ ಕಿವಿ ಇರುವ ಮಕ್ಕಳು ಅಷ್ಟು ಅಪರೂಪವಲ್ಲ. ನಾನು ಕಾರವಾರದಲ್ಲಿ ಗಿಟಾರ್ ಕಲಿಸುತ್ತೇನೆ. ಹೊಸ ಮಗು ಬಂದಾಗ ಎಷ್ಟು ವೇಗವಾಗಿ ನುಡಿಸುತ್ತದೆ ಅಂತ ನೋಡುವುದಿಲ್ಲ. ತಪ್ಪು ಸ್ವರ ಬಿದ್ದಾಗ ಮುಖ ನೋಡುತ್ತೇನೆ. ಕೆಲವು ಮಕ್ಕಳ ಹುಬ್ಬು ಗಂಟಾಗುತ್ತದೆ. ಯಾರೂ ಹೇಳದೆ ಕೈ ನಿಲ್ಲುತ್ತದೆ, ಬೆರಳು ಒಂದು ಮನೆ ಹಿಂದೆ ಸರಿದು ಮತ್ತೆ ಮೀಟುತ್ತದೆ. ಆ ಗಂಟು ಹುಬ್ಬು ಇದ್ದರೆ ಉಳಿದದ್ದನ್ನು ಕಲಿಸಬಹುದು. ನಿಮ್ಮ ಮಾಣಿಯ ಮುಖವನ್ನೂ ಒಮ್ಮೆ ಹಾಗೆ ನೋಡಿ. ಆದರೆ ಅವನ ಎದುರಿಗೆ ಬಾಲಪ್ರತಿಭೆ ಅನ್ನಬೇಡಿ, ಬಂದ ನೆಂಟರಿಗೂ ಅನ್ನಬೇಡಿ ಅಂತ ಹೇಳಿ. ಆ ಹೆಸರು ಅಂಟಿಕೊಂಡ ಮಗು ತಪ್ಪಲು ಹೆದರುತ್ತದೆ.

ಇದನ್ನು ನಾನೇ ತಪ್ಪು ಮಾಡಿ ಕಲಿತೆ. ನನ್ನ ಹತ್ತಿರ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬರುತ್ತಿದ್ದಳು. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಮಣೆ ಇಟ್ಟು ಕೂರಿಸುತ್ತಿದ್ದೆ. ವಿಡಿಯೊ ನೋಡಿ ಒಂದು ಬಿರುಸಿನ ತುಣುಕು ಕಲಿತಿದ್ದಳು. ನನಗೆ ಹೆಮ್ಮೆ. ಒಂದು ದೊಡ್ಡ ಸ್ಪರ್ಧೆಗೆ ಹೆಸರು ಕೊಡಿಸಿದೆ. ವೇದಿಕೆಯಲ್ಲಿ ಅರ್ಧಕ್ಕೆ ಮರೆತುಹೋಯಿತು. ಕೈ ಹೊತ್ತೊಯ್ದ ಪಾಠ, ಕಿವಿಗೆ ಇಳಿದಿರಲಿಲ್ಲ. ಎಲ್ಲಿಂದ ಹಿಡಿಯಬೇಕೆಂದು ಗೊತ್ತಾಗದೆ ಗಿಟಾರನ್ನು ಮಡಿಲಲ್ಲಿ ಮಲಗಿಸಿ ಕೂತುಬಿಟ್ಟಳು. ಮೂರು ತಿಂಗಳು ಬ್ಯಾಗಿನ ಜಿಪ್ ತೆಗೆಯಲಿಲ್ಲ. ಅವಳನ್ನು ವಾಪಸ್ ತಂದದ್ದು ಅವಳ ಅಜ್ಜ. ಶನಿವಾರದ ಭಜನೆಗೆ ಕರೆದುಕೊಂಡು ಹೋಗಿ, ತಾಳದವರ ಪಕ್ಕ ಕೂರಿಸಿದರು. ನುಡಿಸಬೇಕಾದ್ದು ಎರಡೇ ಎರಡು ಕಾರ್ಡ್, ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ಮೀಟುವ ಹಿಡಿತ. ಯಾರೂ ಅವಳನ್ನು ನೋಡುತ್ತಿರಲಿಲ್ಲ, ಎಲ್ಲರೂ ಹಾಡುತ್ತಿದ್ದರು. ಮುಂದಿನ ವಾರ ಪಾಠಕ್ಕೆ ಬಂದಳು.

ಹಾಗಾಗಿ ಟಿವಿ ಶೋ, ಸ್ಪರ್ಧೆ ಈಗಲೇ ಬೇಡ. ಶಾಲೆ ಗ್ಯಾದರಿಂಗ್‌ನಲ್ಲಿ ನುಡಿಸಲಿ, ಊರ ಭಜನೆಯಲ್ಲಿ ಕೂರಲಿ. ವಿಡಿಯೊ ನೋಡಿ ನಕಲು ಮಾಡುವುದು ತಪ್ಪೇನಲ್ಲ. ನಮ್ಮ ಬೆಳಗಾವಿ ಕಡೆಯ ಕುಮಾರ ಗಂಧರ್ವರು ಚಿಕ್ಕಂದಿನಲ್ಲಿ ದೊಡ್ಡ ಗವಾಯಿಗಳ ಗ್ರಾಮಫೋನ್ ತಟ್ಟೆಗಳನ್ನು ಇದ್ದ ಹಾಗೇ ಹಾಡಿ ಜನರನ್ನು ಬೆರಗುಗೊಳಿಸುತ್ತಿದ್ದರು. ಆಮೇಲೆ ಮುಂಬೈಯಲ್ಲಿ ಬಿ.ಆರ್. ದೇವಧರ್ ಅವರ ಬಳಿ ವರ್ಷಗಟ್ಟಲೆ ಕೂತು ಕಲಿತರು. ಇನ್ನೊಬ್ಬರ ಹಾಗೆ ಹಾಡುತ್ತಿದ್ದ ಹುಡುಗ, ಯಾರ ಹಾಗೂ ಅಲ್ಲದ ಗಾಯಕ ಆದದ್ದು ಆ ಮೇಲೆಯೇ.

ಷಿಕಾಗೊ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು ಬೇರೆ ಬೇರೆ ಕ್ಷೇತ್ರಗಳ 120 ಸಾಧಕರನ್ನು ಮಾತಾಡಿಸಿ 1985ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಅದರಲ್ಲಿ ಪಿಯಾನೊ ಕಲಾವಿದರೂ ಇದ್ದರು. ಅವರಲ್ಲಿ ಹೆಚ್ಚಿನವರ ಮೊದಲ ಗುರು ಯಾರೋ ಹೆಸರಾಂತ ಕಲಾವಿದರಲ್ಲ. ಹತ್ತಿರದಲ್ಲಿದ್ದವರು, ಮಕ್ಕಳನ್ನು ಪ್ರೀತಿಯಿಂದ ಕೂರಿಸಿಕೊಂಡವರು. ದೊಡ್ಡ ಗುರುಗಳ ಸರದಿ ಆಮೇಲೆ ಬಂತು. ನಿಮ್ಮ ಮಾಣಿ ಪಾಠ ಮುಗಿಸಿ ಬಂದು ‘ನಾಳೆಯೂ ಹೋಗ್ತೆ’ ಅಂದರೆ, ಆ ಮಾಸ್ತರರನ್ನು ಬಿಡಬೇಡಿ.

ಒಂದು ವಿಷಯಕ್ಕೆ ಮಾತ್ರ ಗಿಟಾರ್ ಬಲ್ಲವರೇ ಬೇಕು, ಅದು ಕೈ. ಎಡಗೈ ಮಣಿಕಟ್ಟು ಜಾಸ್ತಿ ಮಡಚಿದರೆ, ಹೆಬ್ಬೆರಳು ಕುತ್ತಿಗೆ ಮೇಲಿಂದ ಇಣುಕಿದರೆ, ಹಾರ್ಮೋನಿಯಂ ಮಾಸ್ತರಿಗೆ ಅದು ಗೊತ್ತಾಗದು. ಆ ಅಭ್ಯಾಸ ಎರಡು ವರ್ಷ ಹಾಗೇ ಗಟ್ಟಿಯಾದರೆ ಬಿಡಿಸುವುದು ಕಷ್ಟ. ತಿಂಗಳಿಗೊಮ್ಮೆ ಯಾರಿಗಾದರೂ ತೋರಿಸಿ. ಕಾರವಾರ, ಅಂಕೋಲಾ ಕಡೆ ಇಗರ್ಜಿಯಲ್ಲಿ ಗಿಟಾರ್ ನುಡಿಸುವವರು ಇದ್ದಾರೆ. ಮುಂದೆ ಪಾಶ್ಚಾತ್ಯ ಪದ್ಧತಿಯಲ್ಲೇ ಕಲಿಯುವ ಆಸೆ ಬಂದರೆ ಕಾರವಾರದಿಂದ ರೈಲು ಹತ್ತಿದರೆ ಗೋವಾ ದೂರವಿಲ್ಲ, ಪಣಜಿಯ ಕಲಾ ಅಕಾಡೆಮಿಯಲ್ಲಿ ಅದಕ್ಕೇ ವಿಭಾಗವಿದೆ. ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ವಿಡಿಯೊ ಕಳಿಸಿದರೂ ಆದೀತು, ಎರಡೂ ಕೈ ಕಾಣುವಂತೆ ತೆಗೆಯಿರಿ.

ಮಾವನ ಗಿಟಾರ್ ದೊಡ್ಡವರ ಅಳತೆಯದ್ದು. ಎಂಟು ವರ್ಷದವನಿಗೆ ಮುಕ್ಕಾಲು ಅಳತೆಯದ್ದು ಸಾಕು, ಸಣ್ಣ ಮೈಯವನಾದರೆ ಅರ್ಧದ್ದು. ನೈಲಾನ್ ತಂತಿಯದ್ದೇ ತೆಗೆದುಕೊಳ್ಳಿ, ಬೆರಳ ತುದಿ ಕಡಿಮೆ ನೋಯುತ್ತದೆ. ಅದಕ್ಕೆ ಮುಂದೆಂದೂ ಸ್ಟೀಲ್ ತಂತಿ ಹಾಕಬೇಡಿ. ಎಳೆತ ಜಾಸ್ತಿಯಾಗಿ ತಂತಿ ಕಟ್ಟಿದ ಸೇತುವೆ ಕಿತ್ತು ಬರುತ್ತದೆ. ಅಭ್ಯಾಸ ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ. ಉಳಿದ ಹೊತ್ತು ಅವನಾಗಿಯೇ ಎತ್ತಿಕೊಂಡರೆ ಅವನ ಇಷ್ಟ.

ನಮ್ಮ ಕಡೆ ಮಳೆಗಾಲ ನೆನಪಿಡಿ. ಮರ ನೀರು ಹೀರಿ ಉಬ್ಬುತ್ತದೆ, ತಂತಿ ಫ್ರೆಟ್‌ನಿಂದ ಮೇಲೇಳುತ್ತದೆ. ಆಗ ಒತ್ತಲು ಜಾಸ್ತಿ ಬಲ ಬೇಕು. ಮಗು ‘ಕೈ ನೋವು, ಬೇಡ’ ಅನ್ನುತ್ತದೆ, ನಾವು ಸೋಮಾರಿತನ ಅಂದುಕೊಳ್ಳುತ್ತೇವೆ. ಗಿಟಾರನ್ನು ಗೋಡೆಗೆ ಒರಗಿಸಬೇಡಿ, ಬೆಂಕಿ ಬಿಸಿ ತಾಗುವ ಅಟ್ಟದಲ್ಲೂ ಇಡಬೇಡಿ. ಗಟ್ಟಿ ಪೆಟ್ಟಿಗೆಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣಗಳ ಜೊತೆ ಇಡಿ.

ಮೊದಲ ಪಾಠಕ್ಕೆ ಹೋಗುವಾಗ ಒಂದು ಕ್ಯಾಪೊ ಕೂಡ ಕಳಿಸಿ. ಗಿಟಾರಿನ ಕುತ್ತಿಗೆಗೆ ಹಾಕಿ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು ಅದು. ಮಾಸ್ತರು ಕಪ್ಪು ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯನ್ನು ಸ ಮಾಡಿಕೊಂಡು, ಹಾಡಿಸುವವರಾದರೆ ಒಂದನೇ ಫ್ರೆಟ್‌ಗೆ ಹಾಕಿ, ಕೆಳಗಿನ ಸಣ್ಣ ತಂತಿಯಿಂದ ಎಣಿಸಿ ಮೂರನೆಯದನ್ನು ಮೀಟಲಿ. ಹಾರ್ಮೋನಿಯಂನ ಸ ಮತ್ತು ಮಾಣಿಯ ಸ ಒಂದಾಗುತ್ತವೆ.