ಎಕರೆ ಲೆಕ್ಕ ಹಾಕಿದರು, ಒಲೆಯ ಲೆಕ್ಕ ಬಿಟ್ಟರು

ಹಾಸನ ಜಿಲ್ಲೆಯಲ್ಲಿ ‘ನಿರಾಶ್ರಿತರು’ ಅಂದರೆ ಮೊದಲು ನೆನಪಾಗುವುದು ಗಡಿ ದಾಟಿ ಬಂದವರಲ್ಲ, ಗೊರೂರಿನ ಹೇಮಾವತಿ ಅಣೆಕಟ್ಟೆಗೆ ಊರು ಕೊಟ್ಟವರು. ಆಡುಮಾತಿನಲ್ಲಿ ‘ಮುಳುಗಡೆಯವರು’. 1979ರಲ್ಲಿ ಅಣೆಕಟ್ಟೆ ಮುಗಿದು 37 ಟಿಎಂಸಿ ಅಡಿ ನೀರು ನಿಲ್ಲುವಂತಾಯಿತು. ಹೊಲ, ಮನೆ, ಕಣ ಅದರಡಿ ಹೋದವು. ಶೆಟ್ಟಿಹಳ್ಳಿಯ ಹಳೇ ಚರ್ಚ್ ಮಾತ್ರ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮೈತೋರಿಸುತ್ತದೆ. ಅಲ್ಲಿ ಫೋಟೊ ತೆಗೆಸಿಕೊಳ್ಳುವವರಲ್ಲಿ ಊರಿನವರು ಎಲ್ಲಿ ಹೋದರು ಎಂದು ಕೇಳುವವರು ಕಡಿಮೆ. ಹೋದ ಕಡೆ ಅವರು ಮನೆಯ ಒಲೆಯಿಂದಲೇ, ಅಂದರೆ ತಿಂಡಿ ಮಾಡಿ ಮಾರಿ, ದುಡಿಯಬಹುದು ಎಂದು ಯೋಚಿಸಿದವರು ಇನ್ನೂ ಕಡಿಮೆ.

ಚಿಕ್ಕಮಗಳೂರಿಗೂ ಇದು ಹೊಸದಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಗೆ ಹಳ್ಳಿಗಳು ಮುಳುಗಿದವು. 2002ರ ಹೊತ್ತಿಗೆ ಭದ್ರಾ ಅಭಯಾರಣ್ಯದೊಳಗಿನ 400ಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಸ್ಥಳಾಂತರವಾದವು. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ಸೀಮೆಯ ಮಲೆಮನೆಯಲ್ಲಿ ಗುಡ್ಡ ಕುಸಿದು ಜನ ಮನೆ ಕಳೆದುಕೊಂಡರು.

ಪ್ರತಿ ಸಲವೂ ಪರಿಹಾರದ ಭಾಷೆ ಒಂದೇ: ಎಕರೆ, ಸೈಟು, ಚೆಕ್ಕು. ಹೇಮಾವತಿ ನಿರಾಶ್ರಿತರ ಜಮೀನು ಮಂಜೂರಾತಿಯ ಕಡತಗಳಂತೂ ದಶಕಗಳ ನಂತರವೂ ಮುಚ್ಚಿಲ್ಲ; ನಕಲಿ ಫಲಾನುಭವಿಗಳ ದೂರು ಬೇರೆ. ಹೊಸ ಜಾಗದಲ್ಲಿ ಮೊದಲ ಬೆಳೆ ಕೈಗೆ ಬರುವ ತನಕ ಮನೆಗೆ ದುಡ್ಡು ಎಲ್ಲಿಂದ ಬರಬೇಕು ಎಂಬುದು ಯಾವ ಕಲಮಿನಲ್ಲೂ ಇರಲಿಲ್ಲ.

ಗಡಿ ದಾಟಿ ಬಂದವರ ಕತೆಯೂ ದೂರದ್ದಲ್ಲ. ಅರಕಲಗೂಡಿನಿಂದ ಆಚೆ, ಬೈಲುಕುಪ್ಪೆಯಲ್ಲಿ 1960ರಲ್ಲಿ ಟಿಬೆಟನ್ ಶಿಬಿರ ಶುರುವಾಯಿತು. ಕಾಡು ಸವರಿ ಮುಸುಕಿನ ಜೋಳ ಬಿತ್ತಿದವರ ಮಕ್ಕಳು ಸ್ವೆಟರ್ ಮಾರಿದರು, ಹೋಟೆಲ್ ಇಟ್ಟರು. ಮನೆಯಲ್ಲಿ ಬೇಯುತ್ತಿದ್ದ ಮೊಮೊ, ತುಕ್ಪಾ ಈಗ ಮಡಿಕೇರಿಗೆ ಹೊರಟ ಹಾಸನದವರೂ ಗಾಡಿ ನಿಲ್ಲಿಸಿ ತಿನ್ನುವ ತಿಂಡಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಟಿಬೆಟನ್ನರಿಗೆ ವ್ಯಾಪಾರದ ಪರವಾನಗಿ ಕೊಡಬಹುದೆಂದು ಕೇಂದ್ರದ ಪುನರ್ವಸತಿ ನೀತಿ ಹೇಳಿದ್ದು 2014ರಲ್ಲಿ. ಅಷ್ಟರಲ್ಲಿ ಅಂಗಡಿಗಳಿಗೆ ಒಂದು ತಲೆಮಾರು ಆಗಿತ್ತು!

ಇಂಥ ಸ್ವಂತ ದುಡಿಮೆಗೆ ತರಬೇತಿಯ ದಾರಿ ತೆರೆದದ್ದು ಚಾರ್ಮಾಡಿ ಘಾಟಿಯ ಕೆಳಗೆ, ಉಜಿರೆಯಲ್ಲಿ. ಅಲ್ಲಿ 1982ರಲ್ಲಿ ಶುರುವಾದ ಸ್ವ ಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್‌ನ ಮಾದರಿಯನ್ನೇ ಹಿಡಿದು 2009ರಿಂದ ಜಿಲ್ಲೆಗೊಂದು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಎಂಬ ಕಾರ್ಯಕ್ರಮ ಬಂತು. ಹಪ್ಪಳ, ಉಪ್ಪಿನಕಾಯಿ, ಮಸಾಲೆಪುಡಿಗೆ ಹತ್ತು ದಿನದ ತರಬೇತಿ. ಊಟ, ವಸತಿ ಉಚಿತ. ಆಮೇಲೆ ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ. 2020ರಲ್ಲಿ ಕೇಂದ್ರದ ಕಿರು ಆಹಾರ ಉದ್ಯಮ ಯೋಜನೆ ಪಿಎಂಎಫ್‌ಎಂಇ ಬಂದು ಕಿರು ಆಹಾರ ಘಟಕಕ್ಕೆ ಶೇ 35 ಸಹಾಯಧನ ಸಿಕ್ಕಿತು. ಕರ್ನಾಟಕ ತನ್ನ ಪಾಲು ಸೇರಿಸಿ ಅದನ್ನು ಶೇ 50ಕ್ಕೆ, ಗರಿಷ್ಠ 15 ಲಕ್ಷ ರೂಪಾಯಿಗೆ ಏರಿಸಿತು. ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿ ಮೂಲ ಬಂಡವಾಳವೂ ಉಂಟು.

ಆದರೆ ಆಲೂರಿನ ಅಜ್ಜಿಗೆ ಹಪ್ಪಳ ಲಟ್ಟಿಸುವುದನ್ನು ಯಾರು ಕಲಿಸಬೇಕು? ಕಳಲೆ ಉಪ್ಪಿನಕಾಯಿ, ಆಲೂಗಡ್ಡೆ ಸಂಡಿಗೆ ಅವಳ ಕೈಯಲ್ಲೇ ಇದೆ. ತೊಡಕಿರುವುದು ಬೇರೆ ಕಡೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಇಲ್ಲ. ಒಣಗಿಸುವ ಯಂತ್ರವಿಲ್ಲದಿದ್ದರೆ ನಾಲ್ಕು ತಿಂಗಳು ವ್ಯಾಪಾರ ನಿಂತ ಹಾಗೆ. ಆಹಾರ ಸುರಕ್ಷತಾ ನೋಂದಣಿ ದುಬಾರಿಯೇನಲ್ಲ, ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ. ಲೇಬಲ್ ಮೇಲೆ ತೂಕ, ಬೆಲೆ, ದಿನಾಂಕ, ನೋಂದಣಿ ಸಂಖ್ಯೆ ತಪ್ಪದೆ ಬರಬೇಕು. ಈ ತಿಂಗಳ ರುಚಿ ಮುಂದಿನ ತಿಂಗಳೂ ಇರಬೇಕು. ಸಹಾಯಧನ ಬ್ಯಾಂಕ್ ಸಾಲಕ್ಕೆ ಅಂಟಿಕೊಂಡೇ ಬರುತ್ತದೆ, ಶೇ 10 ಕೈಯಿಂದ ಹಾಕಬೇಕು. ಪಹಣಿಯೇ ಸರಿಯಾಗದ ಮುಳುಗಡೆ ಮನೆಯವರಿಗೆ ಬ್ಯಾಂಕಿನ ಮೆಟ್ಟಿಲು ಇನ್ನೂ ಎತ್ತರ.

ಬೆಲೆ ಕಟ್ಟುವುದು ಕಡೆಯ ಪಾಠ. ಉದ್ದಿನಹಿಟ್ಟು, ಎಣ್ಣೆ, ಕವರಿನ ದುಡ್ಡನ್ನು ಹೆಂಗಸರು ಸಲೀಸಾಗಿ ಕೂಡುತ್ತಾರೆ. ನಸುಕಿಗೆ ಎದ್ದು ಲಟ್ಟಿಸಿದ ತಮ್ಮ ಕೂಲಿಯನ್ನು ಬರೆಯಲು ಹೇಳಿದರೆ, ಅದಕ್ಕೂ ದುಡ್ಡು ಹಾಕುವುದಾ ಎಂದು ನಗುತ್ತಾರೆ.